ಹಗ್ಗ ಕೊಡದ ಸಾಟಿ

ಆ ದಿನ ಅವಳು ಮೂರು ಗೋಲು ಹೊಡೆದಳು ಎಂದು ನಮ್ಮೂರು ಹೇಳುತ್ತದೆ. ಚಹಾದ ಅಂಗಡಿಯಲ್ಲಿ ಒಮ್ಮೊಮ್ಮೆ ನಾಲ್ಕಾಗುವುದೂ ಉಂಟು. ಎದುರಿನ ಗೋಲಿನಲ್ಲಿ ನಿಂತಿದ್ದವಳು ನಾನು. ಅವಳು ಒಂದನ್ನೂ ಹೊಡೆಯಲಿಲ್ಲ. ಇದನ್ನು ಹೇಳಿದರೆ, ಗೋಲು ಬಿಟ್ಟವಳು ಹಾಗೆ ಹೇಳದೆ ಇನ್ನೇನು ಹೇಳಿಯಾಳು ಎಂದು ನಗುತ್ತಾರೆ. ಯಾರೋ ಫೋನಿನಲ್ಲಿ ತೆಗೆದ ವಿಡಿಯೋ ಒಂದಿದೆ. ಅದರಲ್ಲಿ ಕೆಂಪು ಧೂಳು, ನನ್ನ ಬೆನ್ನು, 'ಹೊಡಿಬೇ, ಹೊಡಿ' ಎನ್ನುವ ಒಂದು ದನಿ, ಇಷ್ಟೇ ಇದೆ. ಆ ದನಿ ಯಾರದು ಎಂಬುದರ ಮೇಲೂ ಈಗ ವಾದವಿದೆ.

ನನ್ನ ನೆನಪನ್ನೂ ನಾನು ಪೂರ್ತಿ ನಂಬುವುದಿಲ್ಲ. ಆದ್ದರಿಂದ ಅಲುಗಾಡದ ಒಂದು ಸಂಗತಿಯಿಂದ ಶುರು ಮಾಡುತ್ತೇನೆ, ನೆಲದಿಂದ. ಅದೂ ಅಲುಗಾಡುತ್ತದೆ ಅನ್ನುವುದು ಬೇರೆ ಮಾತು.

ಕುಂದಗೋಳ ತಾಲೂಕಿನ, ಕುಬಿಹಾಳದ ಬಾಜುವಿನ ನಮ್ಮೂರು ಎರೆಭೂಮಿಯ ಊರು. ಹಿಂಗಾರಿನ ಕಡಲೆ ಕಿತ್ತ ಮೇಲೆ ಒಂದು ಹೊಲವನ್ನು ಕಾಕಾ ನಮ್ಮ ಹೆಣ್ಣುಮಕ್ಕಳ ಹಾಕಿ ತಂಡಕ್ಕೆ ಬಿಟ್ಟುಕೊಡುತ್ತಾರೆ. ಕಾಕಾ ಎಂದರೆ ನನ್ನ ಕಾಕಾ ಅಲ್ಲ, ಊರಿಗೆಲ್ಲ ಕಾಕಾ. ಹೊಲ ಅವರದು, ನಮ್ಮನ್ನು ಬೇರೆ ಊರಿಗೆ ಒಯ್ಯುವ ಟಂಟಂ ಗಾಡಿ ಅವರದು, ಆದ್ದರಿಂದ ತಂಡದ ಹಿರಿತನವೂ ಅವರದು. ಹಾಕಿಯನ್ನು ಅವರು ಒಂದು ದಿನವೂ ಆಡಿದವರಲ್ಲ. ಅವರ ಆಯುಷ್ಯವೆಲ್ಲ ಎತ್ತಿನ ವ್ಯಾಪಾರದಲ್ಲಿ ಕಳೆದಿದೆ. ನಮ್ಮ ಆಟವನ್ನು ಅವರು ನೋಡುವುದೂ ಸಂತೆಯಲ್ಲಿ ದನ ನೋಡಿದ ಹಾಗೆಯೇ: ಮೊದಲು ಕಾಲು, ಆಮೇಲೆ ಉಸಿರು, ಕೊನೆಗೆ ಮುಖ.

ಎರೆ ನೆಲ ಬಿಸಿಲಿಗೆ ಬಾಯಿ ಬಿಡುತ್ತದೆ. ಬಿರುಕಿನಲ್ಲಿ ಚೆಂಡು ಇಳಿದರೆ ಮೊಣಕೈವರೆಗೆ ಕೈ ಹಾಕಿ ತೆಗೆಯಬೇಕು. ಕಾಲು ಇಳಿದರೆ ಕಣಕಾಲು ಹೊರಳುತ್ತದೆ. ಮಣ್ಣು ತುಂಬಿ ನೀರು ಹೊಡೆದು ಗಟ್ಟಿ ಮಾಡಿದರೆ ಮುಂದಿನ ವಾರ ಅದರ ಮಗ್ಗುಲಲ್ಲೇ ಇನ್ನೊಂದು ತೆರೆದಿರುತ್ತದೆ. ನಮ್ಮಲ್ಲಿ ಆಟ ಕಲಿತವರೆಲ್ಲ ಕಣ್ಣನ್ನು ಕಾಲಿನ ಹತ್ತಿರವೇ ಇಟ್ಟುಕೊಂಡು ಓಡುತ್ತಾರೆ. ಗೋಲಿನಲ್ಲಿ ನಿಂತ ನನಗೆ ವರ್ಷಗಟ್ಟಲೆ ಕಂಡದ್ದು ಬಗ್ಗಿದ ಕತ್ತುಗಳು, ಭುಜದ ಮೇಲಿಂದ ಮುಂದಕ್ಕೆ ಜಾರಿದ ಜಡೆಗಳು. ಹಾಕಿ ಅಂದರೆ ಹಾಗೇ ಇರುತ್ತದೆ ಅಂದುಕೊಂಡಿದ್ದೆ.

ನಮ್ಮ ನಾಯಕಿ ಬಸ್ ಕಂಡಕ್ಟರ್. ಕುಬಿಹಾಳದವಳು, ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವಳು, ಎಲ್ಲರಿಗೂ ಅಕ್ಕ. ಬಸ್ಸಿನಲ್ಲಿ ಸೀಟಿಗಾಗಿ ಹೊಡೆದಾಡುವ ಇಬ್ಬರು ಗಂಡಸರ ನಡುವೆ ನಿಂತು, ದನಿ ಎತ್ತದೆ, ಇಬ್ಬರನ್ನೂ ಎಬ್ಬಿಸಿ ಮುದುಕಿಯೊಬ್ಬಳನ್ನು ಕೂರಿಸಿದ್ದನ್ನು ನಾನೇ ನೋಡಿದ್ದೇನೆ. ಕೆಲಸ ಮುಗಿಸಿ ಬಂದು, ಟಿಕೆಟ್ ಯಂತ್ರದ ಪಟ್ಟಿ ಒತ್ತಿದ ಗುರುತು ಭುಜದ ಮೇಲೆ ಇರುವಾಗಲೇ ಮೈದಾನಕ್ಕೆ ಇಳಿಯುತ್ತಿದ್ದಳು. ಅವಳ ಜತೆ ಅದೇ ಊರಿನಿಂದ ಬರುತ್ತಿದ್ದವಳು ಮೂರು ಗೋಲಿನ ಕತೆಯ ಈ ಹುಡುಗಿ. ಕಾಲೇಜಿಗೆ ಈಗಷ್ಟೇ ಸೇರಿದ್ದಳು. ಶಾಲೆಯ ಪಂದ್ಯಗಳಲ್ಲಿ ಹೆಸರು ಮಾಡಿದ್ದಳು. ಅವಳ ಅಪ್ಪನ ಶರತ್ತು ಒಂದೇ: ಅಕ್ಕನ ಜತೆ ಹೋಗಬೇಕು, ಅಕ್ಕನ ಜತೆ ಸಂಜೆ ಬಸ್ಸಿಗೆ ಮನೆಗೆ ಬರಬೇಕು. ಅದು ತಪ್ಪಿದ ದಿನ ಆಟ ಬಂದ್.

ನಾವು ಅವಳಿಂದ ಗೋಲು ಬಯಸಿದ್ದೆವು. ಅವಳು ಗೋಲು ಹೊಡೆಯಲಿಲ್ಲ. ಫಾರ್ವರ್ಡ್ ಆಗಿ ಬಂದವಳು ಎದುರಿನವರ ಗೋಲಿನ ಬಾಯಿಗೆ ಹೋಗಿ ಚೆಂಡನ್ನು ಎತ್ತಲೋ ದೂಡಿಬಿಡುತ್ತಿದ್ದಳು. ಅಲ್ಲಿ ಯಾರೂ ಇರುತ್ತಿರಲಿಲ್ಲ. ಚೆಂಡು ಬದುವಿನವರೆಗೆ ಉರುಳಿ ಜಾಲಿ ಕಂಟಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಗೋಲಿನ ಮುಂದೆ ನಿಂತು ತಡೆಯುವ ನಮ್ಮ ಬ್ಯಾಕ್ ಆಟಗಾರ್ತಿ ಬಸುರಿಯಾಗಿ ಆಟ ಬಿಟ್ಟು ಬದುವಿನ ಮೇಲೆ ಕೂತಿರುತ್ತಿದ್ದಳು. ಅವಳ ಬಾಯಿಗೆ ಮಾತ್ರ ರಜೆ ಇರಲಿಲ್ಲ.

"ಗೋಲು ಕಂಡ್ರ ನೋಡಾಕ ಬಂದ ವರ ಕಂಡಾಂಗ ನಾಚ್ತಾಳ ನೋಡ್ರಿ ಈಕಿ!"

"ವರ ಆದ್ರ ಹೊಡೀತೀನಿ ಬಿಡಬೇ," ಎಂದು ಹುಡುಗಿ ಕಂಟಿಯಿಂದ ಚೆಂಡು ಬಿಡಿಸಿಕೊಳ್ಳುತ್ತ ಹೇಳಿದ್ದು ನೆನಪಿದೆ. ಹೀಗೆಯೇ ಹೇಳಿದಳೋ, ನಾನು ತಿದ್ದಿಕೊಂಡೆನೋ ಹೇಳಲಾರೆ. ನಾವೆಲ್ಲ ನಕ್ಕಿದ್ದಂತೂ ಹೌದು.

ಕಾಕಾ ನಗಲಿಲ್ಲ. ಆಟ ಮುಗಿದ ಮೇಲೆ ನನ್ನನ್ನೂ ಅಕ್ಕನನ್ನೂ ಟಂಟಂ ಹತ್ತಿರ ಕರೆದರು.

"ದೇವಿಕೊಪ್ಪದಾಗ ಒಂದು ಬ್ಯಾಕ್ ಐತಿ. ಅಗದಿ ಗಟ್ಟಿ. ಅವರ ಫಾರ್ವರ್ಡ್ ಮದುವಿ ಆಗಿ ಹೋಗ್ಯಾಳ. ನಮಗ ಬ್ಯಾಕ್ ಬೇಕು, ಅವರಿಗೆ ಮುಂದಿನಾಕಿ ಬೇಕು. ಸಾಟಿ ಮಾಡೂಣು."

ಸಾಟಿ ಅಂದರೆ ದುಡ್ಡಿಲ್ಲದೆ ಎತ್ತಿಗೆ ಎತ್ತು ಕೊಟ್ಟು ಮಾಡುವ ಬದಲಿ ವ್ಯಾಪಾರ. ಮಾತು ಅವರ ಬಾಯಲ್ಲಿ ಎಷ್ಟು ಸಲೀಸಾಗಿ ಬಂತೆಂದರೆ, ಅದು ತಪ್ಪು ಅಂತ ನನಗೆ ಆ ಕ್ಷಣ ಅನ್ನಿಸಲೇ ಇಲ್ಲ.

ಅಕ್ಕ ಮಾತ್ರ ಕೇಳಿದಳು. "ಕಾಕಾ, ದೇವಿಕೊಪ್ಪ ಕಲಘಟಗಿ ದಾಟಿ ಐತಿ. ಹುಬ್ಬಳ್ಳ್ಯಾಗ ಬಸ್ ಬದಲಿ ಮಾಡಿ ಹೋಗಬೇಕು. ಆಕಿ ಅಪ್ಪ ಕಳಸಾಂಗಿಲ್ಲ. ಅಲ್ಲಿಗೆ ಕೊಟ್ರ ಆಕಿ ಆಟ ಮುಗೀತು."

"ಇಲ್ಲಿ ಏನು ನಡದೈತಿ ಆಕಿದು ಆಟ?" ಎಂದರು ಕಾಕಾ.

ಕಾಕಾ ನಿರ್ದಯಿ ಅಲ್ಲ, ಹಾಗೆ ಬರೆದರೆ ಸುಳ್ಳಾಗುತ್ತದೆ. ಮಳೆಗಾಲಕ್ಕೆ ಮುಂಚಿನ ಪಂದ್ಯಗಳಿಗೆ ಬ್ಯಾಕ್ ಇಲ್ಲದೆ ಹೋದರೆ ನಮ್ಮ ತಂಡವನ್ನು ಯಾರೂ ಆಡಲು ಕರೆಯುವುದಿಲ್ಲ, ತಂಡವೇ ಉಳಿಯುವುದಿಲ್ಲ ಎಂಬುದೂ ನಿಜವಾಗಿತ್ತು.

ದೇವಿಕೊಪ್ಪದ ತಂಡ ನಡೆಸುವವಳು ಹಿಟ್ಟಿನ ಗಿರಣಿಯ ಒಡತಿ. ಅವಳನ್ನು ಎಲ್ಲರೂ ಮಾವಶಿ ಅನ್ನುತ್ತಾರೆ. ಮುಂದಿನ ರವಿವಾರ ಮಾವಶಿ ಹುಡುಗಿಯನ್ನು ನೋಡಲು ನಮ್ಮೂರಿಗೆ ಬಂದಳು. ಅರ್ಧ ಆಟ ನೋಡಿ ಬದುವಿನ ಮೇಲೆ ಕೂತಳು. ಇನ್ನು ಕಾಕಾನ ಪದ್ಧತಿ ಶುರುವಾಯಿತು. ಎತ್ತಿನ ಸಾಟಿಯಲ್ಲಿ ಗುಣ ಹೇಳುವಂತಿಲ್ಲ. ಗುಣವನ್ನು ಕೊಳ್ಳುವವನೇ ಕಂಡುಕೊಳ್ಳಬೇಕು. ಕೊಡುವವನು ಹೇಳಬೇಕಾದದ್ದು ದೋಷ: ಒದೆಯುತ್ತದೆಯೇ, ನೀರಿಗೆ ಹೆದರುತ್ತದೆಯೇ, ಸಾಲು ಬಿಡುತ್ತದೆಯೇ. ಅದನ್ನು ಹೇಳಬೇಕಾದವನು ದಿನಾ ಆ ಎತ್ತನ್ನು ಹೂಡಿದವನು. ಮುಚ್ಚಿಟ್ಟರೆ ಮುಂದೆ ಅವನ ಮಾತನ್ನು ಸಂತೆಯಲ್ಲಿ ಯಾರೂ ಕೇಳುವುದಿಲ್ಲ.

"ದ್ವಾಷ ಹೇಳಬೇ," ಎಂದರು ಕಾಕಾ ಅಕ್ಕನಿಗೆ. ಹುಡುಗಿ ಅಲ್ಲೇ, ಸ್ಟಿಕ್ಕಿಗೆ ಅಂಟಿದ ಮಣ್ಣು ಕೆರೆಯುತ್ತ ನಿಂತಿದ್ದಳು.

"ನನ್ನ ಹಲ್ಲೂ ನೋಡ್ತೀರೇನ್ರಿ, ಕಾಕಾ?" ಎಂದಳು ಅವಳು.

ಕಾಕಾ ಟೊಪ್ಪಿಗೆ ಸರಿಮಾಡಿಕೊಂಡು ಬೇರೆ ಕಡೆ ನೋಡಿದರು. ಮಾವಶಿ ಹೊಟ್ಟೆ ಹಿಡಿದು ನಕ್ಕಳು. "ಹಲ್ಲು ಬ್ಯಾಡ, ನಾಲಿಗಿ ಕಂಡೆ ಬಿಡವಾ, ಸಾಕು."

ಅಕ್ಕ ಶುರು ಮಾಡಿದಳು. "ಗೋಲು ಹೊಡಿಯಾಂಗಿಲ್ರಿ."

"ಮತ್ತ?"

"ಚೆಂಡು ತನ್ನ ಹಂತೇಕ ಇಟ್ಕೊಳ್ಳಾಂಗಿಲ್ಲ. ಬಂದ ಕೂಡ್ಲೆ ಕೊಟ್ಟುಬಿಡ್ತಾಳ."

"ಯಾರಿಗೆ?"

ಅಕ್ಕ ತಡೆದಳು. "ಯಾರಿಗೂ ಅಲ್ರಿ. ಖಾಲಿ ಜಾಗಾಕ್ಕ."

"ಯಾವಾಗ್ಲೂ?"

"ಹೌದ್ರಿ."

"ಹಿಂದಿನ ಜಾಗಾಕ್ಕೋ, ಮುಂದಿನ ಜಾಗಾಕ್ಕೋ?"

"ಮುಂದಿನ ಜಾಗಾಕ್ಕ."

ಮಾವಶಿ ಕಾಲಡಿಯ ಬಿರುಕನ್ನು ನೋಡಿದಳು, ಮೈದಾನದ ಮೇಲಿದ್ದ ನಮ್ಮವರನ್ನು ನೋಡಿದಳು. "ಮತ್ತ?" ಎಂದಳು.

"ಬೈದ್ರ ತಲಿ ತಗ್ಗಸಾಂಗಿಲ್ಲ. ಮರುದಿನ ಮತ್ತ ಅದನ್ನ ಮಾಡ್ತಾಳ." ಅಕ್ಕನ ದನಿ ನಿಧಾನವಾಗುತ್ತಿತ್ತು. ದೋಷ ಹೇಳುತ್ತ ಹೇಳುತ್ತ ಅವಳು ತನ್ನ ಮಾತನ್ನೇ ಕೇಳಿಸಿಕೊಳ್ಳುತ್ತಿದ್ದಾಳೆ ಅನ್ನಿಸಿತು. "ಇನ್ನೊಂದು ಐತ್ರಿ. ಅಪ್ಪ ಆಕಿನ್ನ ನಿಮ್ಮೂರಿಗೆ ಕಳಸೂದಿಲ್ಲ."

"ಅದು ಅಪ್ಪನ ದ್ವಾಷ ತಂಗೀ, ಹುಡುಗೀದಲ್ಲ. ನಮ್ಮ ಮನ್ಯಾಗ ಇರ್ತಾಳ, ನನ್ನ ಮಗಳ ಕೂಡ. ಅಪ್ಪನ್ನ ನಾ ಒಪ್ಪಸ್ತೀನಿ." ಮಾವಶಿ ಸೆರಗು ಝಾಡಿಸಿ ಎದ್ದಳು. "ಸಾಟಿ ನನಗ ಒಪ್ಪಿಗಿ ಐತಿ. ಬ್ಯಾಕ್ ಕೊಡ್ತೀನಿ. ಮ್ಯಾಲೆ ನಿಮ್ಮ ಗೋಲಿಗೆ ಒಂದು ಜೋಡಿ ಪ್ಯಾಡ್ ಕೊಡ್ತೀನಿ, ಹೊಸಾವು. ಪಾಪ, ಆಕಿ ಕಾಲಿಗೆ ಹಾಸಿಗಿ ಕಟಗೊಂಡಾಂಗ ಕಾಣ್ತೈತಿ."

ನನ್ನ ಪ್ಯಾಡಿನ ಬಗ್ಗೆ ಅವಳು ಹೇಳಿದ್ದು ನಿಜ. ಒಳಗಿನ ಸ್ಪಂಜು ಉದುರಿ, ಹಳೆ ಹೊದಿಕೆ ಕೌದಿಯ ಚೂರು ತುಂಬಿ ಗೋಣಿದಾರದಿಂದ ಹೊಲಿದಿದ್ದೆ. ಹೊಸ ಪ್ಯಾಡ್ ಎಂದಾಗ ನನ್ನ ಮೊಣಕಾಲು ನನಗಿಂತ ಮೊದಲು ಹೂಂ ಅಂದಿತು. ಆದರೆ ಕಂಡದ್ದನ್ನೂ ಹೇಳಬೇಕು. ಅಷ್ಟೊಂದು ದೋಷ ಕೇಳಿದ ಮೇಲೆ ಮಾವಶಿ ಕೊಡುವುದನ್ನು ಹೆಚ್ಚಿಸಿದ್ದಳು. ಎತ್ತಿನ ವ್ಯಾಪಾರದಲ್ಲಿ ಹಾಗಾಗುವುದಿಲ್ಲ. ಕಾಕಾನ ಹುಬ್ಬು ಗಂಟಿಕ್ಕಿತು.

ಸಾಟಿಗೆ ಮೊದಲು ಒಂದು ದಿನ ಹೂಡಿ ನೋಡುವ ರೂಢಿಯಿದೆ. ಅದಕ್ಕಾಗಿ ಮರು ರವಿವಾರ ಟಂಟಂ ಏರಿ ದೇವಿಕೊಪ್ಪಕ್ಕೆ ಹೊರಟೆವು. ಅವರ ಬ್ಯಾಕ್ ನಮ್ಮ ಕಡೆ, ನಮ್ಮ ಹುಡುಗಿ ಅವರ ಕಡೆ ಆಡಬೇಕು. ಹೊರಡುವಾಗ ಕಾಕಾ ಹುಡುಗಿಯ ಕೈಯಿಂದ ಸ್ಟಿಕ್ ತೆಗೆದು ಅಕ್ಕನಿಗೆ ಕೊಟ್ಟರು. ನಮ್ಮ ಕಡೆ ದನ ಕೊಟ್ಟರೂ ಹಗ್ಗ ಕೊಡುವುದಿಲ್ಲ. ಹಗ್ಗದ ಬೆನ್ನಿಗೆ ಮನೆಯ ಲಕ್ಷ್ಮಿ ಹೋಗುತ್ತಾಳೆ ಅನ್ನುತ್ತಾರೆ. ಕೊಳ್ಳುವವನು ತನ್ನ ಹೊಸ ಹಗ್ಗ ತಂದು ಕಟ್ಟಿದಾಗಲೇ ವ್ಯಾಪಾರ ಪೂರ್ತಿ.

"ಅಲ್ಲಿ ಅವರ ಸ್ಟಿಕ್ಕಿನಿಂದ ಆಡು," ಎಂದರು ಕಾಕಾ.

"ಮೂಗುದಾಣ ನೀವಽ ತಂದೀರೋ, ಅದೂ ಅವರದೋ?" ಎಂದು ಕೇಳಿ ಅವಳು ಟಂಟಂನ ಮೂಲೆಯಲ್ಲಿ ಕೂತಳು. ಕಲಘಟಗಿ ದಾಟಿ ತೇಗದ ಗಿಡಗಳು ಶುರುವಾದಾಗ ನನ್ನ ಕಿವಿಯ ಹತ್ತಿರ ಬಾಗಿ, "ಅಪ್ಪಗ ಇವತ್ತು ಬರೇ ಪಂದ್ಯ ಅಂತ ಹೇಳೀನ್ರಿ," ಎಂದಳು. ನಾನು ಅವಳ ಕೈ ಹಿಡಿದುಕೊಂಡೆನೆಂದು ಬರೆಯಲು ಮನಸ್ಸಾಗುತ್ತದೆ. ಹಿಡಿದಿರಲಿಕ್ಕಿಲ್ಲ. ಪ್ಯಾಡುಗಳು ತೊಡೆಯ ಮೇಲಿದ್ದವು.

ದೇವಿಕೊಪ್ಪದ ಮೈದಾನ ಕೆಂಪು ಮಸಾರಿ ನೆಲ, ಮೇಲೆ ಸಣ್ಣ ಗರಸಿನ ಹರಳು. ಚೆಂಡು ಅಲ್ಲಿ ಬೇರೆಯದೇ ಸದ್ದು ಮಾಡುತ್ತ ಓಡುತ್ತದೆ, ಬಾಣಲೆಯಲ್ಲಿ ಶೇಂಗಾ ಹುರಿದಂತೆ. ನಮ್ಮವರು ಇಳಿದ ಕೂಡಲೇ ತಲೆ ಬಗ್ಗಿಸಿದರು. ಅಲ್ಲಿ ಒಂದು ಬಿರುಕೂ ಇರಲಿಲ್ಲ. ಆದರೂ ಬಗ್ಗಿಸಿದರು. ನಮ್ಮ ಕಡೆ ಬಂದ ಅವರ ಬ್ಯಾಕ್ ನಿಜಕ್ಕೂ ಗಟ್ಟಿ ಆಟಗಾರ್ತಿ. ನನ್ನ ಮುಂದೆ ಅವಳು ನಿಂತರೆ ನಾನು ಚಹಾ ಕುಡಿದು ಬರಬಹುದಿತ್ತು. ಮೊದಲ ಹೊತ್ತಿನಲ್ಲಿ ಸಾಟಿ ಲಾಭದ್ದೇ ಅನ್ನಿಸಿತ್ತು.

ಆಮೇಲೆ ನಮ್ಮ ಹುಡುಗಿಗೆ ಚೆಂಡು ಸಿಕ್ಕಿತು. ಅವರು ಕೊಟ್ಟ ಉದ್ದನೆಯ ಸ್ಟಿಕ್ಕು ಅವಳ ಕೈಯಲ್ಲಿ ಸರಿಯಾಗಿ ಕೂತಿರಲಿಲ್ಲ. ಅದೇ ಹಳೆಯ ಕೆಲಸ ಮಾಡಿದಳು, ಖಾಲಿ ಜಾಗಕ್ಕೆ ದೂಡಿದಳು. ನಾನು ರೂಢಿಯಂತೆ ಚೆಂಡು ಬದುವಿಗೆ ಹೋಗುತ್ತದೆ ಅಂದುಕೊಂಡೆ. ಅದು ಹೋಗಲಿಲ್ಲ. ದೇವಿಕೊಪ್ಪದ ಗಿಡ್ಡ ಹುಡುಗಿಯೊಬ್ಬಳು ಚೆಂಡಿಗಿಂತ ಅರೆಗಳಿಗೆ ಮೊದಲೇ ಅಲ್ಲಿಗೆ ಬಂದಿದ್ದಳು. ಅವಳ ತಲೆ ನೆಟ್ಟಗಿತ್ತು. ಓಡುವಾಗ ಅವಳು ನಮ್ಮ ಹುಡುಗಿಯ ಮುಖವನ್ನು ನೋಡುತ್ತಿದ್ದಳು.

ಆ ಸಲ ಗೋಲಾಯಿತೋ ಇಲ್ಲವೋ ನನಗೆ ನೆನಪಿಲ್ಲ. ಇನ್ನೊಂದು ಸಲದ್ದು ನೆನಪಿದೆ, ಅಥವಾ ಎರಡು ಮೂರು ಸಲದ್ದು ಸೇರಿ ಒಂದಾಗಿದೆ. ಹುಡುಗಿ ನೇರ ನನ್ನ ಮೇಲೆ ಬಂದಳು. ನಾನು ಮುಂದೆ ಹೋದೆ. ನಾವಿಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು. ಅವಳ ಕಣ್ಣು ಚೆಂಡಿನ ಮೇಲಿರಲಿಲ್ಲ, ನನ್ನ ಮೇಲೂ ಇರಲಿಲ್ಲ. ನನ್ನ ಎಡಭುಜದ ಆಚೆ, ಇನ್ನೂ ಯಾರೂ ಬಂದಿರದ ಜಾಗದಲ್ಲಿ ಇತ್ತು. ಅಲ್ಲಿ ಯಾರೋ ಬಂದೇ ಬರುತ್ತಾರೆ ಅನ್ನುವ ನಂಬಿಕೆ ಆ ಮುಖದಲ್ಲಿತ್ತು. ಚೆಂಡು ನನ್ನ ಕೌದಿ ಪ್ಯಾಡನ್ನು ಸವರಿ ಹೋಯಿತು. ಹಿಂದೆ ಗೋಲಿನ ಹಲಗೆ ಢಬ್ ಎಂದಿತು. ಹೊಡೆದವಳು ಆ ಗಿಡ್ಡ ಹುಡುಗಿ. 'ಹೊಡಿಬೇ' ಎಂದು ಕೂಗಿದವರು ಯಾರೋ, ಆದರೆ ಆ ಕೂಗು ನಮ್ಮ ಹುಡುಗಿಗೆ ಅಲ್ಲ.

ಗೋಲು ಬಿಟ್ಟು ಬಿದ್ದಲ್ಲಿಂದಲೇ ನಾನು ನಮ್ಮವರನ್ನು ನೋಡಿದೆ. ಎಲ್ಲರೂ ನೆಲ ನೋಡುತ್ತಿದ್ದರು. ಎಷ್ಟು ಸಲ ಈ ಹುಡುಗಿ ನಮ್ಮ ಹೊಲದಲ್ಲಿ ಇದೇ ಚೆಂಡನ್ನು ನಮಗೆ ಕೊಟ್ಟಿದ್ದಳು, ಎಷ್ಟು ಸಲ ನಾವು ನಮ್ಮ ಹೆಬ್ಬೆರಳು ನೋಡುತ್ತ ನಿಂತಿದ್ದೆವು! ಬೈಸಿಕೊಂಡು ಮರುದಿನ ಮತ್ತೆ ಅದನ್ನೇ ಮಾಡುತ್ತಿದ್ದಳಲ್ಲ, ಅದು ಹಟವಲ್ಲ. ನಾವು ಇವತ್ತಾದರೂ ಬಂದೇವು ಅಂತ ಕಾಯುತ್ತಿದ್ದಳು.

ಅವಳೊಬ್ಬಳೇ ಯಾಕೆ ತಲೆ ಎತ್ತಿ ಓಡುತ್ತಾಳೆ ಎಂಬುದಕ್ಕೆ ಆಮೇಲೆ ನಾನಾ ಕಾರಣ ಹುಟ್ಟಿದವು. ಚಿಕ್ಕಂದಿನಿಂದ ಹೊಲಕ್ಕೆ ಬುತ್ತಿ ಹೊತ್ತು ಕುತ್ತಿಗೆ ನೆಟ್ಟಗಾಗಿದೆ ಎಂದರು ಕಾಕಾ. ಬಿರುಕು ಅವಳಿಗೆ ಕಾಲಿಗೇ ಗೊತ್ತಾಗುತ್ತದೆ ಎಂದಳು ಅಕ್ಕ. ಎರಡೂ ಚೆಂದವಾಗಿವೆ, ಅದಕ್ಕೇ ನಾನು ನಂಬುವುದಿಲ್ಲ. ಅವಳನ್ನೇ ಕೇಳಿದಾಗ, "ಕೆಳಗ ನೋಡಿದ್ರ ಹೆದರಿಕಿ ಬರ್ತೈತ್ರಿ," ಎಂದಳು. ಇದನ್ನು ನಂಬುತ್ತೇನೆ.

ಆಟ ಮುಗಿಯಿತು, ನಾವು ಸೋತೆವು. ಮಾವಶಿ ಗಿರಣಿಯಿಂದ ತರಿಸಿದ ಹೊಸ ಸ್ಟಿಕ್ ಹಿಡಿದುಕೊಂಡು ಬಂದಳು. ಹಿಡಿಕೆಗೆ ಹಳದಿ ಟೇಪು ಸುತ್ತಿತ್ತು. ಅದು ಅವಳ ಹಗ್ಗ. ಹುಡುಗಿ ಅದನ್ನು ಹಿಡಿದರೆ ಸಾಟಿ ಪೂರ್ತಿ. ಅವಳ ಹಳೆಯ ಸ್ಟಿಕ್ಕನ್ನು ಅಕ್ಕ ಆಟದ ಹೊತ್ತಿಗೆ ಟಂಟಂನಲ್ಲಿ ಇಟ್ಟಿದ್ದಳು. ಈಗ ಅದು ಅಕ್ಕನ ಕಂಕುಳಲ್ಲಿತ್ತು. ನನ್ನ ಮುಂದೆ ಹೊಸ ಪ್ಯಾಡುಗಳು, ಪ್ಲಾಸ್ಟಿಕ್ ಚೀಲ ಕೂಡ ಬಿಚ್ಚದವು.

"ಹಿಡಿಯವಾ," ಎಂದಳು ಮಾವಶಿ.

ಕಾಕಾ ಸುಮ್ಮನಿದ್ದರು. ಕೊಡುವವನು ಸುಮ್ಮನಿದ್ದರೆ ಒಪ್ಪಿಗೆ ಎಂದೇ ಅರ್ಥ. ಹುಡುಗಿ ಹಳದಿ ಟೇಪನ್ನು ನೋಡಿದಳು, ಕೈ ಚಾಚಲಿಲ್ಲ, ಹಿಂದಕ್ಕೂ ಎಳೆದುಕೊಳ್ಳಲಿಲ್ಲ.

"ತಡೀರಿ, ಮಾವಶಿ," ಎಂದಳು ಅಕ್ಕ, ಬಸ್ಸಿನಲ್ಲಿ ಮಾತಾಡುವ ಅದೇ ದನಿಯಲ್ಲಿ. "ಎತ್ತಿಗೆ ಬಾಯಿಲ್ಲ. ಈಕೀಗೆ ಐತಿ, ನಿಮಗೂ ಗೊತ್ತೈತಿ. ಯಾರೂ ಕೇಳೇ ಇಲ್ಲ." ಹುಡುಗಿಯ ಕಡೆ ತಿರುಗಿದಳು. "ಏನ್ ಮಾಡಾಕಿಬೇ ನೀ?"

ಆ ದಿನದ ಉಳಿದ ಸಂಗತಿಗಳ ಬಗ್ಗೆ ನಮ್ಮೂರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹುಡುಗಿ ಆಗ ಹೇಳಿದ ಮಾತಿನ ಮೇಲೆ ಮಾತ್ರ ಯಾರ ತಕರಾರೂ ಇಲ್ಲ.

"ನಮ್ಮಾಕ್ಯಾರು ಮ್ಯಾಲೆ ನೋಡಿ ಆಡ್ತೀವಿ ಅಂದ್ರ ನಮ್ಮ ಕಡೀನಽ ಆಡ್ತೀನ್ರಿ."

"ನೋಡ್ಲಿಲ್ಲಂದ್ರ?" ಎಂದರು ಕಾಕಾ.

"ಮನೀಗೆ ಹೋಗ್ತೀನ್ರಿ. ಹತ್ತಿ ಬಿಡಸಾಕ ಬರ್ತೈತಿ ನನಗ."

ಅಪ್ಪ ಕಳಿಸುವಂಥದ್ದು ಅವಳಿಗೆ ಇದ್ದದ್ದು ನಮ್ಮದೊಂದೇ ತಂಡ. ಅದನ್ನೂ ಬಿಡುತ್ತೇನೆ ಎಂದು ನಮ್ಮೆಲ್ಲರಿಗಿಂತ ಚಿಕ್ಕವಳು ನಮ್ಮೆದುರೇ ಶರತ್ತು ಹಾಕಿದಳು. ಅಕ್ಕ ಕಾಕಾನ ಕಡೆ ನೋಡಲಿಲ್ಲ, ನಮ್ಮ ಕಡೆ ನೋಡಿದಳು. ಮೊದಲು ಹೂಂ ಅಂದವಳು ಬದುವಿನ ನಮ್ಮ ಬಸುರಿ ಬ್ಯಾಕ್. ಬೇಡವೆಂದರೂ ಟಂಟಂ ಹತ್ತಿ ಬಂದಿದ್ದಳು. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಹೂಂ ಅಂದೆವು. ಅಕ್ಕ ಕಂಕುಳಿಂದ ಸ್ಟಿಕ್ ತೆಗೆದು ಹುಡುಗಿಯ ಕೈಗೆ ಕೊಟ್ಟಳು.

ಮಾವಶಿಗೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಅವಳು ಹಳದಿ ಟೇಪಿನ ಸ್ಟಿಕ್ಕನ್ನು ಹೆಗಲಿಗೆ ಹಾಕಿಕೊಂಡು, "ಇಟ್ಕೋರಿ," ಎಂದಳು. "ಆದ್ರ ಕೆಡಸಬ್ಯಾಡ್ರಿ ಆಕಿನ್ನ." ಪ್ಯಾಡುಗಳನ್ನು ಅವಳು ತಿರುಗಿ ಒಯ್ದಾಗ ನಾನು ಬೇರೆ ಕಡೆ ನೋಡಿದೆ.

ಮರಳಿ ಬರುವಾಗ ಕಾಕಾ, "ಎತ್ತು ಬರೋಬರಿ ಇತ್ತು. ನೊಗಾನಽ ಡೊಂಕಿತ್ತು," ಎಂದರು.

"ಕಾಕಾ, ಆಕಿ ಎತ್ತಲ್ರಿ," ಎಂದಳು ಅಕ್ಕ.

"ಗೊತ್ತೈತಿ ಬೇ. ನನಗ ಬರೂ ಮಾತಿನಾಗ ಹೇಳೀನಿ."

ಮರುದಿನದಿಂದ ಅವರು ಹೊಲದ ಆಚೆ ಬದುವಿನ ಮೇಲೆ ಎರಡು ಕೈಯಲ್ಲಿ ಎರಡು ಟವೆಲ್ ಹಿಡಿದು ನಿಲ್ಲತೊಡಗಿದರು, ಒಂದು ಬಿಳಿ, ಒಂದು ಕೆಂಪು. ಯಾವುದನ್ನು ಎತ್ತುತ್ತಾರೋ ಅದರ ಬಣ್ಣವನ್ನು ಓಡುತ್ತಲೇ ಕೂಗಬೇಕು. ಇದು ಅಕ್ಕ ಹುಡುಕಿದ ಉಪಾಯ. ದಾರಿಯಲ್ಲಿ ಹೋಗುವವರು ಮುದುಕನಿಗೆ ಏನಾಗಿದೆ ಎಂದು ನಿಂತು ನೋಡುತ್ತಿದ್ದರು. ನಮ್ಮವರು ಬಿರುಕಿನಲ್ಲಿ ಬಿದ್ದರು, ಕಣಕಾಲು ಹೊರಳಿಸಿಕೊಂಡರು, ಕಾಕಾನನ್ನೂ ಅಕ್ಕನನ್ನೂ ಒಟ್ಟಿಗೆ ಬೈದರು. ಹುಡುಗಿಯನ್ನು ಯಾರೂ ಬೈಯಲಿಲ್ಲ. ಬಿದ್ದವರನ್ನು ಎಬ್ಬಿಸಿ ಮಣ್ಣು ಝಾಡಿಸುತ್ತಿದ್ದವಳು ಅವಳೇ.

ಮಳೆಗೆ ಮುಂಚೆ ದೇವಿಕೊಪ್ಪದವರ ಕೂಡ ಮತ್ತೊಮ್ಮೆ ಆಡಿದೆವು. ಸೋತೆವು. ಬ್ಯಾಕ್ ಇಲ್ಲದ ಕಡೆಯಿಂದ ಅವರು ಬಂದು ಬಂದು ಹೊಡೆದರು. ಅದು ಲೆಕ್ಕ ಹಾಕಿಯೇ ಒಪ್ಪಿಕೊಂಡ ಸೋಲು. ಆದರೆ ಸೋತ ಮೇಲೂ ಮುಂದಿನ ಪಂದ್ಯಕ್ಕೆ ಕರೆ ಬಂತು. ಆ ದಿನ ಹುಡುಗಿಯ ಅಪ್ಪ ಮೊದಲ ಸಲ ಆಟ ನೋಡಲು ಬಂದಿದ್ದರು. ಮುಗಿದ ಮೇಲೆ ಅಕ್ಕನ ಹತ್ತಿರ ಬಂದು ಸಂಕೋಚದಿಂದ, "ಈಕಿ ಗೋಲು ಹೊಡಿಯೂದಿಲ್ಲಲ್ಲವಾ?" ಎಂದರು.

"ಇಲ್ರಿ, ಹೊಡಿಯೂದಿಲ್ಲ," ಎಂದಳು ಅಕ್ಕ. ಅಷ್ಟು ಹೆಮ್ಮೆಯಿಂದ ಅವಳು ಯಾರ ಬಗ್ಗೆಯೂ ಏನನ್ನೂ ಹೇಳಿದ್ದು ನಾನು ಕೇಳಿಲ್ಲ. ಅಪ್ಪ ತಲೆಯಾಡಿಸಿ, ಸಂಜೆ ಬಸ್ಸಿಗೆ ಹೊತ್ತಾಗುತ್ತದೆ ಎಂದು ಇಬ್ಬರನ್ನೂ ಅವಸರಿಸಿದರು.

ನನ್ನ ಪ್ಯಾಡಿಗೆ ಹೊಸ ಗೋಣಿದಾರ ಹಾಕಿದ್ದೇನೆ. ಗೋಲಿನಲ್ಲಿ ನಿಂತರೆ ಈಗ ಜಡೆಗಳು ಬೆನ್ನ ಮೇಲೆ ನೆಟ್ಟಗೆ ಇಳಿದಿರುವುದು ಕಾಣುತ್ತದೆ, ಎಲ್ಲರದಲ್ಲ, ಸುಮಾರು ಜನರದು. ಹುಡುಗಿ ಇನ್ನೂ ಚೆಂಡನ್ನು ಖಾಲಿ ಜಾಗಕ್ಕೇ ದೂಡುತ್ತಾಳೆ. ಅಲ್ಲಿಗೆ ಯಾರೋ ಒಬ್ಬಳು ಓಡುತ್ತಾಳೆ. ಒಮ್ಮೊಮ್ಮೆ ತಡವಾಗುತ್ತದೆ, ಒಮ್ಮೊಮ್ಮೆ ಬೀಳುತ್ತಾಳೆ. ಜಾಲಿ ಕಂಟಿಯಲ್ಲಿ ಚೆಂಡು ಹುಡುಕಲು ಈಗ ಇಬ್ಬರು ಹೋಗುತ್ತಾರೆ.